ಮಾಲೆ ಬಿಚ್ಚಿದ ಮೇಲೆ ಮತ್ತೆ ಕುಡಿತ, ಮತ್ತೆ ಮಂಕು: ಮೊದಲು ಯಾವುದಕ್ಕೆ ಔಷಧ?

ಎಡದಂಡೆ_ಗಂಗಾವತಿ:
ಎಲ್ಲರಿಗೂ ನಮಸ್ಕಾರ್ರಿ. ರೈಸ್ ಮಿಲ್ಲಿನೋರು, ಹಮಾಲರು, ಆಶಾ ಕಾರ್ಯಕರ್ತೆಯರು ಕೂಡಿ ಕುಡಿತ ಮತ್ತ ಖಿನ್ನತೆ ಮ್ಯಾಲ ಎರಡು ಪುಟದ ಕರಪತ್ರ ಮಾಡಬೇಕಂತ ಐತಿ. ನಮ್ಮ ಕಡಿ ಮಂದಿ ಕೇಳೋದು ಇಷ್ಟ: ಬ್ಯಾಸರಾಗಿ ಕುಡಿಯಾಕತ್ಯಾನೋ, ಕುಡದು ಬ್ಯಾಸರ ಹತ್ತೈತೋ? ಬಿಟ್ಟರ ತಲಿ ತಾನಾ ಸರಿ ಹೊಕ್ಕೈತೇನು? ಬಿಡಿಸೋ ಗುಳಿಗಿ ಅದಾವಂತಲ್ಲ, ಊಟದಾಗ ಕಲಸಿ ಹಾಕಬಹುದೇನು? ಇನ್ನೊಂದು, ಅಂಜನಾದ್ರಿಗೆ ಹನುಮ ಮಾಲಿ ಹಾಕ್ಕೊಂಡಾಗ, ಅಯ್ಯಪ್ಪ ಮಾಲಿ ಹಾಕ್ಕೊಂಡಾಗ, ಶ್ರಾವಣದಾಗ ಭಾಳ ಮಂದಿ ಬಿಡ್ತಾರ. ಬಿಚ್ಚಿದ ವಾರದಾಗ ಮತ್ತ ಶುರು. ಭಾಷಣ ಬ್ಯಾಡ್ರಿ, ಅದನ್ನ ಎಲ್ಲಾರೂ ಮಾಡ್ಯಾರ. ಅಳತಿ, ದಿನ, ಗುಳಿಗಿ ಹೆಸರು, ಎಲ್ಲಿಗೆ ಹೋಗಬೇಕು ಅಷ್ಟು ಬರೀರಿ.

ವಾರ್ಡ್_ನರ್ಸ್_ಬಳ್ಳಾರಿ:
ಮೊದಲು ಅಳತೆ ಸರಿ ಮಾಡ್ಕೊಳ್ಳಿ ಸರ್. "ಎಷ್ಟು ತಗೋತೀರಿ" ಅಂತ ಕೇಳಿದ್ರೆ ಬರೋ ಉತ್ತರ "ಸ್ವಲ್ಪ". ಅದನ್ನ ಇಟ್ಕೊಂಡು ಯಾವ ಲೆಕ್ಕಾನೂ ಆಗಲ್ಲ. 10 ಗ್ರಾಂ ಆಲ್ಕೋಹಾಲ್ ಅಂದ್ರೆ ಒಂದು ಯೂನಿಟ್. ಶೇ 42.8ರ ವಿಸ್ಕಿ, ರಮ್ಮು, ಬ್ರಾಂದಿ ಯಾವುದೇ ಇರಲಿ, 30 ಎಂ.ಎಲ್.ಗೆ ಒಂದು ಯೂನಿಟ್. ನೈಂಟಿ ಪಾಕೀಟಿಗೆ 3, ಕ್ವಾರ್ಟರ್‌ಗೆ (180 ಎಂ.ಎಲ್.) 6. 650 ಎಂ.ಎಲ್. ಬಿಯರ್ ಶೇ 5ರದ್ದಾದ್ರೆ ಎರಡೂವರೆ, ಶೇ 8ರ ಸ್ಟ್ರಾಂಗ್ ಆದ್ರೆ 4. "ನಂದು ಬರೀ ಬಿಯರ್" ಅನ್ನೋರು ಎರಡು ಸ್ಟ್ರಾಂಗ್ ಮುಗಿಸಿದ್ರೆ ಕ್ವಾರ್ಟರ್ ದಾಟಿದ್ರು ಅಂತಾನೇ ಲೆಕ್ಕ.

ಈಗ ನಿದ್ದೆ ವಿಷಯಕ್ಕೆ ಬರೋಣ, ಯಾಕಂದ್ರೆ ಕುಡಿತಕ್ಕೂ ಖಿನ್ನತೆಗೂ ಗಂಟು ಬೀಳೋದು ಹೆಚ್ಚಾಗಿ ಅಲ್ಲೇ. ಲಿವರ್ ಒಂದು ಗಂಟೆಗೆ ಕರಗಿಸೋದು ಸುಮಾರು ಒಂದು ಯೂನಿಟ್. ರಾತ್ರಿ 9ಕ್ಕೆ ಕ್ವಾರ್ಟರ್ ಮುಗಿಸಿದವನ ಮೈಯಿಂದ ಅದು ಇಳಿಯೋ ಹೊತ್ತಿಗೆ ಬೆಳಗಿನ ಜಾವ 3, 4 ಗಂಟೆ. ಕುಡಿತ ಮೊದಲರ್ಧ ರಾತ್ರಿ ಕನಸಿನ ನಿದ್ದೆಯನ್ನ ಅದುಮಿ ಇಡುತ್ತೆ, ಇಳಿದ ಮೇಲೆ ಅದೆಲ್ಲಾ ಒಂದೇ ಸಲ ಮೇಲೆ ಬರುತ್ತೆ. ಕೆಟ್ಟ ಕನಸು, ಎದೆ ಡವಡವ, ಬೆವರು, ಆಮೇಲೆ ಸಾಲದ ಯೋಚನೆ. ಆ ಮನುಷ್ಯ ಹೇಳೋದು ಮಾತ್ರ "ಟೆನ್ಷನ್ನಿಗೆ ನಿದ್ದೆ ಬರಲ್ಲ, ಅದಕ್ಕೇ ತಗೋತೀನಿ" ಅಂತ. ನಿದ್ದೆ ಕೆಡಿಸಿದ್ದು ಕ್ವಾರ್ಟರೇ.

ಮೆದುಳಿನ ಒಳಗೆ ನಡೆಯೋದು ಇಷ್ಟು. ಗಾಬಾ ಅನ್ನೋ ರಾಸಾಯನಿಕ ಬ್ರೇಕು, ಗ್ಲುಟಮೇಟ್ ಅನ್ನೋದು ಆಕ್ಸಿಲರೇಟರ್. ಎಣ್ಣೆ ಬ್ರೇಕ್ ಒತ್ತುತ್ತೆ, ಆಕ್ಸಿಲರೇಟರ್ ತಗ್ಗಿಸುತ್ತೆ. ದಿನಾ ಹಿಂಗೇ ಆದ್ರೆ ಮೆದುಳು ತಾನೇ ಬ್ರೇಕ್ ಸಡಿಲ ಮಾಡ್ಕೊಂಡು ಆಕ್ಸಿಲರೇಟರ್ ಜಾಸ್ತಿ ಮಾಡ್ಕೊಳ್ಳುತ್ತೆ. ಒಂದು ದಿನ ಎಣ್ಣೆ ಬೀಳಲಿಲ್ಲ ಅಂದ್ರೆ ಉಳಿಯೋದು ಸಡಿಲ ಬ್ರೇಕು, ಪೂರ್ತಿ ಆಕ್ಸಿಲರೇಟರ್. ನಡುಕ, ಗಾಬರಿ, ಫಿಟ್ಸ್ ಎಲ್ಲಾ ಅಲ್ಲಿಂದಲೇ. ಸಂತೋಷ ಅನ್ನಿಸೋ ಡೋಪಮಿನ್ ವ್ಯವಸ್ಥೆನೂ ಮಂಕಾಗಿರುತ್ತೆ. ಜಾತ್ರೆ, ಮಕ್ಕಳು, ಊಟ ಯಾವುದೂ ರುಚಿಸಲ್ಲ. ಹಂಗಾಗಿ ತಿಂಗಳುಗಟ್ಟಲೆ ದಿನಾ ಕುಡಿಯೋರಲ್ಲಿ ಹಲವರು, ಒಳಗೆ ಖಿನ್ನತೆ ಕಾಯಿಲೆ ಇಲ್ಲದಿದ್ರೂ, ನೋಡೋಕೆ ಖಿನ್ನತೆ ಬಂದವರ ಥರಾನೇ ಇರ್ತಾರೆ.

ಮಾಲೆ_ಮೇಸ್ತ್ರಿ:
ಹಂಗಾದ್ರೆ ಉತ್ತರ ಸಿಕ್ಕಂಗಾಯ್ತಲ್ರಿ. ಮೊದಲು ಬಿಡಿಸಬೇಕು. ಬಿಟ್ಟ ಮ್ಯಾಲ ಮನಸ್ಸು ತಾನಾ ಹಗುರ ಆಕ್ಕೈತಿ. ಮಾನಸಿಕ ಡಾಕ್ಟರ್, ಗುಳಿಗಿ, ಅವೆಲ್ಲಾ ಆಮ್ಯಾಲ ನೋಡಿದ್ರಾತು.

ತಾಲೂಕು_ವೈದ್ಯ:
ಅರ್ಧ ಸರಿ. ಕುಡಿತದಿಂದಲೇ ಬಂದ ಖಿನ್ನತೆ ಬಿಟ್ಟ 2ರಿಂದ 4 ವಾರದಲ್ಲಿ ಬಹಳಷ್ಟು ಇಳಿಯುತ್ತದೆ. ಅದಕ್ಕೇ ರೋಗ ನಿರ್ಣಯಕ್ಕೆ ಒಂದು ತಿಂಗಳ ಗಡುವು ಇಟ್ಟುಕೊಳ್ಳುವುದು. ನಾಲ್ಕು ವಾರ ಒಂದು ಹನಿಯೂ ಮುಟ್ಟದೆ ಇದ್ದಮೇಲೂ ಮಂಕು ಹೋಗಲಿಲ್ಲವೆಂದರೆ ಅದು ಸ್ವತಂತ್ರ ಖಿನ್ನತೆ, ಅದಕ್ಕೇ ಬೇರೆ ಚಿಕಿತ್ಸೆ ಬೇಕು.

ಆದರೆ ಈ ನಾಲ್ಕು ವಾರ ಎಲ್ಲರಿಗೂ ಕಾಯಬಾರದು. ಮೂರು ಸಂಗತಿ ಕೇಳಿ. ದಿನಾ ಕುಡಿಯಲು ಶುರು ಮಾಡುವ ಮೊದಲೇ ಇಂಥ ಮಂಕು ಬಂದಿತ್ತೇ? ಹಿಂದೆ ತಿಂಗಳುಗಟ್ಟಲೆ ಬಿಟ್ಟಿದ್ದಾಗಲೂ ಇತ್ತೇ? ತಂದೆ, ತಾಯಿ, ಒಡಹುಟ್ಟಿದವರಲ್ಲಿ ಖಿನ್ನತೆ ಅಥವಾ ಆತ್ಮಹತ್ಯೆ ಇದೆಯೇ? ಒಂದಕ್ಕೆ ಹೌದು ಎಂದರೂ ಕಾಯದೆ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಶುರು ಮಾಡುವುದು ಜಾಣತನ. ಸಾಯುವ ಮಾತು ಬಾಯಲ್ಲಿ ಬಂದರಂತೂ ಅವತ್ತೇ ಆಸ್ಪತ್ರೆ, ಕುಡಿದಿದ್ದರೂ ಸರಿ. "ಕುಡಿದು ಮಾತಾಡ್ತಾನೆ ಬಿಡು" ಎಂದು ತಳ್ಳಿಹಾಕುವುದೇ ದೊಡ್ಡ ಅಪಾಯ. ಕುಡಿದಾಗಲೇ ತಡೆ ಕಡಿಮೆ, ಆವೇಶ ಹೆಚ್ಚು.

ಒಟ್ಟಿಗೆ ಚಿಕಿತ್ಸೆ ಎಂಬುದಕ್ಕೆ ಆಧಾರವೂ ಇದೆ. 2010ರಲ್ಲಿ ಅಮೆರಿಕದಲ್ಲಿ ಕುಡಿತದ ಅವಲಂಬನೆಯೂ ಖಿನ್ನತೆಯೂ ಎರಡೂ ಇದ್ದ 170 ಜನರ ಮೇಲೆ 14 ವಾರದ ಅಧ್ಯಯನ ಪ್ರಕಟವಾಯಿತು. ಖಿನ್ನತೆಯ ಔಷಧ ಸರ್ಟ್ರಾಲಿನ್, ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಎರಡನ್ನೂ ಕೊಟ್ಟ ಗುಂಪಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಕುಡಿತದಿಂದ ದೂರ ಉಳಿದರು. ಒಂದನ್ನೇ ಕೊಟ್ಟ ಗುಂಪುಗಳಲ್ಲೂ ಬರೀ ಸಕ್ಕರೆ ಗುಳಿಗೆ ಕೊಟ್ಟ ಗುಂಪಿನಲ್ಲೂ ಅದು ಕಾಲು ಭಾಗದ ಆಸುಪಾಸು. ಒಂದೇ ಅಧ್ಯಯನ ಎಂಬುದು ನೆನಪಿರಲಿ, ಆದರೂ "ಒಂದು ಮುಗಿಸಿ ಇನ್ನೊಂದು" ಎಂಬ ವಾದಕ್ಕೆ ಅದು ಒಳ್ಳೆಯ ಉತ್ತರ.

ವಾರ್ಡ್_ನರ್ಸ್_ಬಳ್ಳಾರಿ:
"ಮೊದಲು ಬಿಡಿಸಬೇಕು" ಅನ್ನೋದನ್ನ ಕರಪತ್ರದಲ್ಲಿ ಹಂಗೇ ಹಾಕಬೇಡಿ ಸರ್, ಜನ ಅವತ್ತೇ ಕಟ್ ಮಾಡ್ತಾರೆ. ಹುಲಿಗೆಮ್ಮನ ಗುಡಿ ಮುಂದೆ ನಿಲ್ಲಿಸಿ ಆಣೆ ಹಾಕಿಸ್ತಾರೆ, ಮಾಲೆ ಹಾಕೋ ಹಿಂದಿನ ರಾತ್ರಿ ಫುಲ್ ಕುಡಿದು ಬೆಳಿಗ್ಗೆಯಿಂದ ಬಂದ್ ಮಾಡ್ತಾರೆ. ವಾರಕ್ಕೊಮ್ಮೆ ಕುಡಿಯೋನಿಗೆ ಏನೂ ಆಗಲ್ಲ. ದಿನಾ ಎರಡು ಕ್ವಾರ್ಟರ್ ಹಾಕೋನು, ಬೆಳಿಗ್ಗೆ ಎದ್ದ ತಕ್ಷಣ ಕೈ ನಡುಗಿ ಒಂದು ಪಾಕೀಟು ಬೇಕಾಗೋನು, ಅವನಿಗೆ ಜೀವಕ್ಕೇ ಅಪಾಯ.

ಲೆಕ್ಕ ಹಿಂಗೈತೆ. ಕೊನೇ ಗುಟುಕಿನಿಂದ 6ರಿಂದ 12 ಗಂಟೆಗೆ ಕೈ ನಡುಕ, ಬೆವರು, ವಾಕರಿಕೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಡೆಲಿರಿಯಂ ಟ್ರೆಮೆನ್ಸ್: ಹೊತ್ತು ಗೊತ್ತಾಗಲ್ಲ, ಜಾಗ ಗೊತ್ತಾಗಲ್ಲ, ಹಾಸಿಗೆ ಮೇಲೆ ಹುಳ ಹರಿದಂಗೆ ಕಾಣುತ್ತೆ, ಇಲ್ಲದ ದಾರ ಹಿಡಿದು ಎಳೀತಾ ಇರ್ತಾರೆ, ಜ್ವರ, ಬಿ.ಪಿ. ಏರುತ್ತೆ. ಈ ಹಂತದಲ್ಲಿ "ಗಾಳಿ ಬಡಿದೈತೆ" ಅಂತ ಮಂತ್ರ ಹಾಕಿಸೋಕೆ ಹೋಗಿ ದಿನ ಕಳೆದ್ರೆ ಪ್ರಾಣಕ್ಕೇ ಸಂಚಕಾರ. 108ಕ್ಕೆ ಫೋನ್ ಮಾಡೋದು ಆವಾಗಲೇ.

ಹಿಂದೆ ಫಿಟ್ಸ್ ಬಂದಿದ್ರೆ, ಕಾಮಾಲೆ ಅಥವಾ ಹೊಟ್ಟೆಯಲ್ಲಿ ನೀರು ಇದ್ರೆ, 60 ದಾಟಿದ್ರೆ, ಗರ್ಭಿಣಿ ಆಗಿದ್ರೆ, ಸಾಯೋ ಮಾತಾಡ್ತಿದ್ರೆ, ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ಲ ಅಂದ್ರೆ ದಾಖಲು ಮಾಡಿಯೇ ಬಿಡಿಸಬೇಕು. ಅಲ್ಲಿ ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್, ಲಿವರ್ ಕೆಟ್ಟಿದ್ರೆ ಲೋರಾಜೆಪಾಮ್, ಹೀಗೆ ಒಂದನ್ನ ಜಾಸ್ತಿಯಿಂದ ಶುರು ಮಾಡಿ ಐದಾರು ದಿನದಲ್ಲಿ ದಿನಾ ಕಮ್ಮಿ ಮಾಡ್ತಾ ನಿಲ್ಲಿಸ್ತಾರೆ. ಜೊತೆಗೆ ಥಯಮಿನ್, ಅಂದ್ರೆ ಬಿ-1. ಇದು ಮರೀಬಾರದು. ಕುಡಿಯೋರು ಊಟ ಸರಿಯಾಗಿ ಮಾಡಿರಲ್ಲ, ಬಿ-1 ಖಾಲಿ ಇರುತ್ತೆ. ಆ ಸ್ಥಿತಿಯಲ್ಲಿ "ಸುಸ್ತು" ಅಂತ ಗ್ಲೂಕೋಸ್ ಬಾಟ್ಲಿ ಮಾತ್ರ ಏರಿಸಿದ್ರೆ ಉಳಿದ ಚೂರು ಬಿ-1 ಕೂಡ ಖರ್ಚಾಗಿ ಕಣ್ಣು ಓಲಾಡೋದು, ನಡಿಗೆ ತಪ್ಪೋದು, ಗೊಂದಲ ಶುರುವಾಗುತ್ತೆ. ಹೆಸರು ವರ್ನಿಕೆ. ತಡವಾದ್ರೆ ನೆನಪಿನ ಶಕ್ತಿ ವಾಪಸ್ ಬರಲ್ಲ. ಊರಲ್ಲಿ ಬಾಟ್ಲಿ ಏರಿಸಿಕೊಳ್ಳೋ ರೂಢಿ ಇರೋದ್ರಿಂದ ಇದನ್ನ ದಪ್ಪ ಅಕ್ಷರದಲ್ಲೇ ಹಾಕಿ: "ಕುಡಿಯೋ ವಿಷಯ ಮೊದಲು ಹೇಳಿ, ಬಿ-1 ಇಂಜೆಕ್ಷನ್ ಕೇಳಿ."

ಔಷಧಿ_ಸಿಂಧನೂರು:
ರಾಯಚೂರು ಕಡೀದು ಒಂದು ಸೇರಿಸ್ರಿ. ಇಲ್ಲಿ ಸಿ.ಎಚ್. ಪೌಡರ್ ಹಾಕಿದ ಕಲಬೆರಕೆ ಸೇಂದಿ ಅದ, ಗಡಿ ಆಚೆ ತೆಲಂಗಾಣದಾಗೂ ಅದ. ಸಿ.ಎಚ್. ಅಂದ್ರ ಕ್ಲೋರಲ್ ಹೈಡ್ರೇಟ್. ಅಲ್‌ಪ್ರಾಜೋಲಾಮ್, ಡಯಾಜೆಪಾಮ್ ಕಲಸೋದೂ ಅದ. ಕುಡಿಯೋನಿಗೆ ತಾನು ಏನು ಕುಡ್ಯಾಕತ್ತೀನಿ ಅಂತ ಗೊತ್ತಿರಂಗಿಲ್ಲ. ಅಬಕಾರಿಯವರು ರೇಡ್ ಮಾಡಿ ಅಂಗಡಿ ಬಂದ್ ಮಾಡಿಸಿದ ಎರಡು ಮೂರು ದಿನಕ್ಕ ಒಂದೇ ಓಣ್ಯಾಗ ನಾಕೈದು ಮಂದಿಗೆ ಫಿಟ್ಸು, ಹುಚ್ಚುಹುಚ್ಚು ಮಾತು ಶುರು ಆತಂದ್ರ ಇದೇ ಕಾರಣ ಅಂತ ತಿಳಕೋರಿ. ಅಂಥೋರನ್ನ ಕರಕೊಂಡು ಹೋದಾಗ "ಸೇಂದಿ ಕುಡೀತಿದ್ದ" ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಬೇಕು. ಬರೀ "ಕುಡೀತಾನ" ಅಂದ್ರ ಅವರು ಬ್ರಾಂದಿ ಲೆಕ್ಕದಾಗ ಗುಳಿಗಿ ಕೊಡ್ತಾರ, ಅದು ಸಾಲಂಗಿಲ್ಲ.

ಈಗ ಊಟದಾಗ ಹಾಕೋ ಗುಳಿಗಿ. ಅದು ಡೈಸಲ್ಫಿರಾಮ್. ಆಲ್ಕೋಹಾಲ್ ಮೈಯಾಗ ಅಸಿಟಾಲ್ಡಿಹೈಡ್ ಆಗಿ, ಆಮ್ಯಾಲ ಅಸಿಟೇಟ್ ಆಗಿ ಹೋಗಬೇಕು. ಈ ಗುಳಿಗಿ ಆ ಎರಡನೇ ಹಾದಿ ಕಟ್ತದ. ಕುಡಿದ 10–30 ನಿಮಿಷಕ್ಕ ಮಾರಿ ಕೆಂಪಗಾಗಿ, ಎದಿ ಹೊಡಕೊಂಡು, ವಾಂತಿ ಬಂದು, ಬಿ.ಪಿ. ಕುಸೀತದ. ಗೊತ್ತಿದ್ದು ತಗೊಂಡೋನು ಹೆದರಿ ಕುಡಿಯಂಗಿಲ್ಲ, ಅದೇ ಈ ಔಷಧದ ಕೆಲಸ. ಗೊತ್ತಿಲ್ಲದೋನು ಸಾರಿನಾಗ ತಿಂದು ಅಂಗಡಿಗೆ ಹೋಗಿ ಎಂದಿನಂಗ ಕ್ವಾರ್ಟರ್ ಏರಿಸ್ತಾನ. ಹೃದಯ ವೀಕ್ ಇದ್ರ ಅಲ್ಲೇ ಬೀಳ್ತಾನ. ಗುಳಿಗಿ ನಿಲ್ಲಿಸಿದ ಮ್ಯಾಲೂ ಎರಡು ವಾರದ ತನಕ ಈ ರಿಯಾಕ್ಷನ್ ಬರಬಹುದು. ಖಿನ್ನತೆ ಇದ್ದೋರಿಗೆ ಇನ್ನೊಂದು ತ್ರಾಸ ಅದ: ಇದು ಮನಸ್ಸಿನ ಕಾಯಿಲಿ ಹೆಚ್ಚಿಗಿ ಮಾಡಬಹುದು, ಮತ್ತ ಸಾಯಬೇಕು ಅಂತಿರೋನ ಕೈಯಾಗ ಇದನ್ನ ಕೊಟ್ರ ಅದರ ಮ್ಯಾಲ ಬೇಕಂತಲೇ ಕುಡೀತಾನ. ಮೊಬೈಲಿನಾಗ "ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ" ಅಂತ ಜಾಹೀರಾತು ಬರ್ತಾವಲ್ಲ, ಅದರಾಗ ಏನು ಅದ ಅಂತ ಮಾರೋನಿಗೂ ಗೊತ್ತಿರಂಗಿಲ್ಲ. ಅದನ್ನ ತರಿಸಲೇಬ್ಯಾಡ್ರಿ.

ಎಡದಂಡೆ_ಗಂಗಾವತಿ:
ಚಲೋ ಹೇಳಿದ್ರಿ ಅಣ್ಣಾರ. ಹಂಗಾದ್ರ ಯಾವ ಗುಳಿಗಿ ಕೇಳಬೇಕು?

ಔಷಧಿ_ಸಿಂಧನೂರು:
ಕೇಳೋದಲ್ಲ, ಡಾಕ್ಟರ್ ಬರೀಬೇಕು. ಆದ್ರ ಹೆಸರು ಗೊತ್ತಿದ್ರ ಚೀಟಿ ಓದಾಕ ಬರ್ತದ. ನಾಲ್ಟ್ರೆಕ್ಸೋನ್ ದಿನಕ್ಕ 50 ಮಿ.ಗ್ರಾಂ., ಲಿವರ್ ಟೆಸ್ಟ್ ನೋಡಿ ಕೊಡ್ತಾರ. ಬೆನ್ನು ನೋವಿಗೆ ಟ್ರಮಡಾಲ್ ನುಂಗೋ ಹಮಾಲರಿಗೆ ಇದು ಕೂಡಂಗಿಲ್ಲ, ನೋವಿನ ಗುಳಿಗಿ ಕೆಲಸ ಮಾಡಂಗಿಲ್ಲ, ದಿನಾ ನುಂಗೋ ಚಟ ಇದ್ರ ಮೈಕೈ ನೋವು, ವಾಂತಿ, ಭೇದಿ ಹತ್ತಿ ಒದ್ದಾಡ್ತಾರ. ನಿಮ್ಮ ಮಿಲ್ಲಿನಾಗ ಇದು ಮುಖ್ಯ. ಅಕ್ಯಾಂಪ್ರೊಸೇಟ್ 333 ಮಿ.ಗ್ರಾಂ. ಗುಳಿಗಿ ಎರಡೆರಡರಂತೆ ದಿನಕ್ಕ ಮೂರು ಹೊತ್ತು, ಕಿಡ್ನಿ ಸರಿ ಇರಬೇಕು, ತೂಕ 60 ಕೆ.ಜಿ. ಒಳಗಿದ್ರ ಕಡಿಮಿ ಕೊಡ್ತಾರ. ದಿನಕ್ಕ ಆರು ಗುಳಿಗಿ ಅಂದ ಕೂಡಲೇ ಮಂದಿ ಮಧ್ಯಾಹ್ನದ್ದು ಬಿಡ್ತಾರ, ಆಮ್ಯಾಲ "ಕೆಲಸ ಮಾಡಲಿಲ್ಲ" ಅಂತಾರ. ಲಿವರ್ ಪೂರಾ ಕೆಟ್ಟಿದ್ರ ಬ್ಯಾಕ್ಲೋಫೆನ್ ಕೊಡ್ತಾರ.

ಖಿನ್ನತೆಗೆ ಸರ್ಟ್ರಾಲಿನ್, ಎಸಿಟಲೋಪ್ರಾಮ್ ಹೆಚ್ಚು. ಅಂಗಡ್ಯಾಗ ನಿದ್ದಿ ಗುಳಿಗಿ ಅಂತ ಅಲ್‌ಪ್ರಾಜೋಲಾಮ್ ಕೇಳ್ತಾರ, ಅದನ್ನ ಎಣ್ಣಿ ಮ್ಯಾಲ ನುಂಗಿದ್ರ ಉಸಿರಾಟ ನಿಲ್ಲಬಹುದು. ಬರೀ ನಿದ್ದಿ ಬರ್ಲಿ ಅಂತ ಅಮಿಟ್ರಿಪ್ಟಿಲಿನ್ ಬರೆದಿದ್ರ ಕುಡಿಯೋ ವಿಷಯ ಡಾಕ್ಟರಿಗೆ ಹೇಳಿ ಬದಲಿಸಿ ಕೊಡಂತ ಕೇಳ್ರಿ, ಅದೂ ಎಣ್ಣಿಯೂ ಕೂಡಬಾರದು. ಪ್ಯಾರಾಸಿಟಮಾಲ್ ದಿನಾ ಕುಡಿಯೋರಿಗೆ ದಿನಕ್ಕ 2 ಗ್ರಾಂ ದಾಟಬಾರದು, ಅಂದ್ರ 500ರ ನಾಕು ಗುಳಿಗಿ.

ತಾಲೂಕು_ವೈದ್ಯ:
ಖಿನ್ನತೆಯ ಗುಳಿಗೆ ಬಗ್ಗೆ ಒಂದೆರಡು ಮಾತು, ಏಕೆಂದರೆ ಹೆಚ್ಚು ಮಂದಿ ಬಿಡುವುದು ಇಲ್ಲೇ. ಮೊದಲ ವಾರ ಹೊಟ್ಟೆ ತೊಳಸುತ್ತದೆ, ಚಡಪಡಿಕೆ ಆಗುತ್ತದೆ, ಉಪಯೋಗ ಏನೂ ಕಾಣುವುದಿಲ್ಲ. ಗುಣ ಕಾಣುವುದು ಎರಡರಿಂದ ನಾಲ್ಕನೇ ವಾರದಲ್ಲಿ, ಪೂರ್ತಿ ತಿಳಿಯಲು 6ರಿಂದ 8 ವಾರ. ಹುಷಾರಾದ ಮೇಲೂ 6ರಿಂದ 9 ತಿಂಗಳು ನಡೆಸಬೇಕು. ಇದು ಚಟ ಹಿಡಿಸುವ ಗುಳಿಗೆ ಅಲ್ಲ, ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು ಬರುತ್ತದೆ, ಇಳಿಸುತ್ತ ನಿಲ್ಲಿಸಬೇಕು. 25ರ ಒಳಗಿನವರನ್ನು ಮೊದಲ ಕೆಲವು ವಾರ ಹತ್ತಿರದಿಂದ ನೋಡಬೇಕು, ಸಾಯುವ ಯೋಚನೆ ಹೆಚ್ಚಾಗಬಹುದು. ಹಿಂದೆ ಎಂದಾದರೂ ವಾರಗಟ್ಟಲೆ ನಿದ್ದೆಯೇ ಬೇಡದಷ್ಟು ಹುರುಪು, ಅತಿಯಾದ ಮಾತು, ಸಿಕ್ಕಾಪಟ್ಟೆ ಖರ್ಚು ಬಂದಿತ್ತೇ ಎಂದು ವೈದ್ಯರು ಕೇಳುತ್ತಾರೆ. ಹೌದಾದರೆ ಅದು ಬೈಪೋಲಾರ್ ಇರಬಹುದು, ಅದಕ್ಕೆ ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಉನ್ಮಾದ ಏಳಬಹುದು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಎಂ.ಸಿ.ವಿ. (ಕೆಂಪು ರಕ್ತಕಣದ ಗಾತ್ರ), ಪ್ಲೇಟ್‌ಲೆಟ್, ಸಕ್ಕರೆ, ಲಿವರ್, ಸೋಡಿಯಂ, ಟಿ.ಎಸ್.ಎಚ್. (ಥೈರಾಯ್ಡ್), ಬಿ-12 ನೋಡಬೇಕು. ಥೈರಾಯ್ಡ್ ಕಡಿಮೆಯಾದರೂ, ಬಿ-12 ಕಡಿಮೆಯಾದರೂ ನೋಡಲು ಥೇಟ್ ಖಿನ್ನತೆಯೇ. ಇನ್ನೊಂದು ಮರೆಯುವ ವಿಷಯ: ಕುಡಿದು ಬಿದ್ದು ತಲೆಗೆ ಪೆಟ್ಟಾಗಿ ವಾರಗಳ ನಂತರ ಮಂಕಾದವರಿಗೆ ತಲೆಯ ಸ್ಕ್ಯಾನ್ ಬೇಕು, ಒಳಗೆ ನಿಧಾನವಾಗಿ ರಕ್ತ ಹೆಪ್ಪುಗಟ್ಟಿರಬಹುದು.

ಗಣಿ_ಶಿಫ್ಟ್:
ರಾತ್ರಿ ಪಾಳಿಯವರದ್ದು ಹೇಗೆ? ಹಟ್ಟಿ, ಸಂಡೂರು, ತೋರಣಗಲ್ಲು ಕಡೆ ಬೆಳಿಗ್ಗೆ 6–7ಕ್ಕೆ ಇಳಿದು ನಿದ್ದೆಗೆ ಅಂತ ಕುಡಿಯೋರು ಇದ್ದಾರೆ. "ಬೆಳಿಗ್ಗೆ ಕುಡಿತ" ಅಂದ್ರೆ ಅವರೆಲ್ಲಾ ಅವಲಂಬಿತರು ಅಂತ ಲೆಕ್ಕನಾ?

ವಾರ್ಡ್_ನರ್ಸ್_ಬಳ್ಳಾರಿ:
ಹೊತ್ತು ನೋಡಬೇಡಿ, ಎದ್ದ ಮೇಲೆ ಎಷ್ಟು ಹೊತ್ತಿಗೆ ಬೇಕಾಗುತ್ತೆ ನೋಡಿ. ನಿದ್ದೆ ಮುಗಿಸಿ ಎದ್ದ ಕೂಡಲೇ ನಡುಕ ನಿಲ್ಲಿಸೋಕೆ ಬೇಕು ಅಂದ್ರೆ ಅವಲಂಬನೆ, ಅದು ಮಧ್ಯಾಹ್ನ 3 ಗಂಟೆ ಆದ್ರೂ ಸರಿ. ಪಾಳಿಯವರಿಗೆ: ಪಾಳಿಯ ಕೊನೇ ಐದಾರು ಗಂಟೆ ಚಹಾ ಬಿಡೋದು, ಮನೆಗೆ ಹೋಗೋವಾಗ ಬಿಸಿಲಿಗೆ ಕಪ್ಪು ಕನ್ನಡಕ, ಕಿಟಕಿಗೆ ದಪ್ಪ ಬಟ್ಟೆ, ಹಸಿದು ಮಲಗದಿರೋದು. ಪಾಳಿಯ ಮಂಪರು ಬೇರೆ, ಖಿನ್ನತೆ ಬೇರೆ. ರಜೆಯ ವಾರದಲ್ಲೂ ಯಾವುದರಲ್ಲೂ ಮನಸ್ಸಿಲ್ಲ ಅಂದ್ರೆ ತೋರಿಸಬೇಕು.

ಮಾಲೆ_ಮೇಸ್ತ್ರಿ:
ಮಾಲಿ ವಿಷಯ ಯಾರೂ ಹೇಳಲಿಲ್ಲ. 41 ದಿನ ಬಿಡ್ತಾರಲ್ರಿ, ಅದು ಔಷಧಕ್ಕಿಂತ ಕಮ್ಮಿ ಏನು?

ಆಪ್ತಸಲಹೆ_ಕೊಪ್ಪಳ:
ಕಮ್ಮಿ ಅಲ್ಲ ಮೇಸ್ತ್ರಿಯವರೇ, ಮೇಲೆ ಹೇಳಿದ ನಾಲ್ಕು ವಾರದ ಪರೀಕ್ಷೆ ನಮ್ಮ ಭಾಗದಲ್ಲಿ ತಾನಾಗೇ ನಡೆಯುವುದು ಅಲ್ಲೇ. 41 ದಿನದ ವ್ರತ ಎಂದರೆ ಸುಮಾರು ಆರು ವಾರ. ಗುಂಪಿನಲ್ಲಿ ಊಟ, ಬೆಳಗಿನ ಸ್ನಾನ, ಭಜನೆ, ಕುಡಿಯುವ ಗೆಳೆಯರಿಂದ ದೂರ, ಊರವರಿಂದ "ಸ್ವಾಮಿ" ಎಂಬ ಗೌರವ. ಖಿನ್ನತೆಗೆ ನಾವು ಆಪ್ತಸಮಾಲೋಚನೆಯಲ್ಲಿ ಕಟ್ಟಿಕೊಡಲು ಒದ್ದಾಡುವುದೆಲ್ಲ ಅಲ್ಲಿ ಸಿದ್ಧವಾಗಿದೆ. ಬಿಚ್ಚಿದ ಮರುದಿನ ಇವೆಲ್ಲ ಒಟ್ಟಿಗೆ ನಿಲ್ಲುತ್ತವೆ. ಮತ್ತೆ ಶುರುವಾಗುವುದಕ್ಕೆ ಅದೂ ಒಂದು ಕಾರಣ, ಬರೀ ಮನಸ್ಸಿನ ದೌರ್ಬಲ್ಯ ಅಲ್ಲ.

ಆದ್ದರಿಂದ ಮಾಲೆ ಹಾಕುವ ಮೊದಲು ದಿನಾ ಕುಡಿಯುವವರು ವೈದ್ಯರನ್ನು ಕಂಡು ಬರಲಿ, ಫಿಟ್ಸ್ ವಿಷಯ ಮೇಲೆ ಬಂದಿದೆ. ಹಾಕಿದ ಮೇಲೆ ಎರಡನೇ ವಾರದ ಕೊನೆಗೊಮ್ಮೆ, ನಾಲ್ಕನೇ ವಾರದ ಕೊನೆಗೊಮ್ಮೆ ಖಿನ್ನತೆ ಅಳೆಯುವ ಪಿ.ಎಚ್.ಕ್ಯು.-9 ಪ್ರಶ್ನಾವಳಿ ಕೇಳಿ. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. 10 ಮತ್ತು ಮೇಲೆ ಬಂದರೆ ವೈದ್ಯರು ನೋಡಬೇಕು. ಅದು ಹಿಂದಿನ ಎರಡು ವಾರದ ಬಗ್ಗೆ ಕೇಳುವುದರಿಂದ ದಿನಾ ಕೇಳಿ ಪ್ರಯೋಜನವಿಲ್ಲ. ಬಿಟ್ಟ ಮೊದಲ ವಾರದ ಅಂಕವನ್ನಂತೂ ನಂಬಲೇಬೇಡಿ. ಒಂಬತ್ತರಲ್ಲಿ ಐದು ಪ್ರಶ್ನೆ ನಿದ್ದೆ, ಸುಸ್ತು, ಹಸಿವು, ಏಕಾಗ್ರತೆ, ಚಡಪಡಿಕೆ ಕುರಿತವು. ದಿನಾ ಕುಡಿಯುತ್ತಿದ್ದು ಬಿಟ್ಟವರಿಗೆ ಮೊದಲ ವಾರ ಅವು ಸಾಮಾನ್ಯವಾಗಿ ಇರುತ್ತವೆ. 1, 2, 6, 9ನೇ ಪ್ರಶ್ನೆ ಬೇರೆ ನೋಡಿ: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮಂಕು, ತಾನು ಕೆಲಸಕ್ಕೆ ಬಾರದವನು ಎಂಬ ಭಾವ, ಸಾಯುವ ಯೋಚನೆ. ನಾಲ್ಕನೇ ವಾರ ನಿದ್ದೆ, ಹಸಿವು ಸುಧಾರಿಸಿ ಈ ನಾಲ್ಕು ಮಾತ್ರ ಹಾಗೇ ನಿಂತಿದ್ದರೆ ಮಾಲೆ ಬಿಚ್ಚುವ ಮೊದಲೇ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಬಿಚ್ಚಿದ ಮೇಲೆ ಆತ ಸಿಗುವುದಿಲ್ಲ.

9ನೇ ಪ್ರಶ್ನೆಗೆ 1 ಬಂದರೂ ಬಿಡಬೇಡಿ, ಒಟ್ಟು ಅಂಕ ಎಷ್ಟೇ ಇರಲಿ. ಆಶಾ ಅಕ್ಕಂದಿರು ಈ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ, ಕೇಳಿದರೆ ನಾವೇ ನೆನಪು ಮಾಡಿಕೊಟ್ಟಂತೆ ಎಂದು. ಹಾಗೇನೂ ಆಗುವುದಿಲ್ಲ, ಕೇಳಿದರೆ ಎದೆಭಾರ ಇಳಿಯುತ್ತದೆ. "ಜೀವ ಸಾಕಾಗೇತಿ ಅನ್ನಿಸ್ತೈತೇನು ಅಣ್ಣಾ? ಸತ್ತು ಹೋಗಬೇಕು ಅಂತ ಮನಸ್ಸಿಗೆ ಬಂದೈತೇನು?" ಇಷ್ಟು ನೇರ ಕೇಳಬಹುದು. ಹೌದು ಎಂದರೆ ಒಬ್ಬನನ್ನೇ ಬಿಡಬಾರದು. ಮನೆಯಲ್ಲಿರುವ ಬೆಳೆಗೆ ಹೊಡೆಯುವ ಎಣ್ಣೆಯನ್ನು (ಕೀಟನಾಶಕ), ಭತ್ತ, ಮೆಣಸಿನಕಾಯಿ, ಹತ್ತಿಗೆ ತಂದು ಉಳಿದದ್ದನ್ನು, ಅವತ್ತೇ ಹೊರಗೆ ಸಾಗಿಸಬೇಕು. ಅಟ್ಟದ ಮೇಲೆ ಇಟ್ಟರೆ ಸಾಲದು, ಅಕ್ಕಪಕ್ಕದವರ ಬೀಗದೊಳಗೆ ಹೋಗಲಿ. ಸಾಯುವ ಆವೇಶ ಬಹಳ ಸಲ ಗಂಟೆಗಳಲ್ಲಿ ಇಳಿಯುತ್ತದೆ, ಆ ಗಂಟೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಎರಡನೇ ಬೆಳೆಗೆ ಕಾಲುವೆ ನೀರು ಬಾರದ ವರ್ಷ, ಗುಳೆ ಹೋದವರು ಬರಿಗೈಲಿ ವಾಪಸಾದಾಗ ಇದನ್ನು ಹೆಚ್ಚು ಗಮನಿಸಬೇಕು.

ಗಣಿ_ಶಿಫ್ಟ್:
ಮನೆಯವರು ಏನು ಮಾಡಬೇಕು ಅನ್ನೋದೂ ಹಾಕಿ. ಬೈಯೋದು ಬಿಟ್ರೆ ಬೇರೆ ಗೊತ್ತಿಲ್ಲ ಪಾಪ.

ಆಪ್ತಸಲಹೆ_ಕೊಪ್ಪಳ:
ಕುಡಿದು ಬಂದ ರಾತ್ರಿ ವಾದ ಬೇಡ, ಮಾತು ಬೆಳಿಗ್ಗೆ 10ರ ನಂತರ, ಊಟ ಆದಮೇಲೆ. ತಲೆಯಲ್ಲಿ ಎಣ್ಣೆ ಇರುವಾಗ ಆದ ಮಾತು ಮರುದಿನ ನೆನಪಿರುವುದಿಲ್ಲ. ಸಾಲ ತೀರಿಸಿಕೊಡುವುದು, ಕೆಲಸದ ಕಡೆಗೆ "ಜ್ವರ" ಎಂದು ಸುಳ್ಳು ಹೇಳುವುದು ನಿಲ್ಲಿಸಬೇಕು, ಊಟ ಹಾಕುವುದು ನಿಲ್ಲಿಸಬಾರದು. ಸಂಜೆ 6ರಿಂದ 8 ಎಲ್ಲಕ್ಕಿಂತ ಕಷ್ಟದ ಹೊತ್ತು, ಆ ಹೊತ್ತಿಗೆ ಹೊಟ್ಟೆ ತುಂಬಿರಲಿ, ಕೈಗೊಂದು ಕೆಲಸ ಇರಲಿ. ಆಸೆ ಏಳುವುದು ಅಲೆಯಂತೆ, 20–30 ನಿಮಿಷ ತಳ್ಳಿದರೆ ತಾನಾಗಿ ಇಳಿಯುತ್ತದೆ. ಹೆಂಡತಿಯ ಮನಸ್ಸಿನ ಸ್ಥಿತಿಯನ್ನೂ ಕೇಳಿ, ಇಂಥ ಮನೆಗಳಲ್ಲಿ ಖಿನ್ನತೆ ಆಕೆಗೂ ಬಂದಿರುತ್ತದೆ, ಯಾರೂ ವಿಚಾರಿಸಿರುವುದಿಲ್ಲ. ಕುಡಿಯುವ ಹೆಣ್ಣುಮಕ್ಕಳಿಗೆ ಕಡಿಮೆ ಕುಡಿತದಿಂದಲೇ ಬೇಗ ಹಾನಿಯಾಗುತ್ತದೆ, ಮೈಯಲ್ಲಿ ನೀರಿನಂಶ ಕಡಿಮೆ. ಅವರು ತೋರಿಸಿಕೊಳ್ಳಲು ಬರುವುದೂ ತಡ.

ಇದನ್ನೆಲ್ಲ ಡಾಕ್ಟರೇ ಮಾಡಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಖಿನ್ನತೆಗೆ 6ರಿಂದ 8 ಭೇಟಿ, ಕುಡಿತಕ್ಕೆ ಹೆಚ್ಚೆಂದರೆ 4 ಭೇಟಿ ಆಪ್ತಸಮಾಲೋಚನೆ ಮಾಡಿ ಗುಣ ತೋರಿಸಿದ್ದು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ವಾರ್ಡ್_ನರ್ಸ್_ಬಳ್ಳಾರಿ:
ಗೋವಾ ಯಾಕೆ ಮೇಡಂ, ನಮ್ಮ ಬಳ್ಳಾರಿಯನ್ನೇ ಹೇಳಿ! ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದೇ ಬಳ್ಳಾರಿ. 1985ರಿಂದ 1990ರವರೆಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿತು. 1996ರಲ್ಲಿ ಅದು ದೇಶದ ಬೇರೆ ಜಿಲ್ಲೆಗಳಿಗೂ ಹೋಯ್ತು. ಇಷ್ಟಾದ್ರೂ ನಿಮ್ಹಾನ್ಸ್ 2015–16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕುಡಿತದ ಸಮಸ್ಯೆ ಇರೋರಲ್ಲಿ ಶೇ 86ರಷ್ಟು ಮಂದಿಗೆ ಚಿಕಿತ್ಸೆ ಇಲ್ಲ.

ಎಡದಂಡೆ_ಗಂಗಾವತಿ:
ಎಲ್ಲಿ ಹೋಗಬೇಕು, ಅದೊಂದು ಹೇಳಿಬಿಡ್ರಿ. ಖಾಸಗಿ ಬಿಡಿಸೋ ಕೇಂದ್ರಗಳ ಬಗ್ಗೆನೂ.

ತಾಲೂಕು_ವೈದ್ಯ:
ಹತ್ತಿರದ ತಾಲೂಕು ಆಸ್ಪತ್ರೆಯಿಂದ ಶುರು ಮಾಡಿ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲೂಕಿಗೆ ಬರುವ ವ್ಯವಸ್ಥೆ ಇದೆ. ದಿನ ಬದಲಾಗಿರಬಹುದು, ಹೊರಡುವ ಮೊದಲು ಕೇಳಿಕೊಳ್ಳಿ. ಅದರಾಚೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ತೀರಾ ಜಟಿಲವಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್. ಫೋನಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ವ್ಯಸನಕ್ಕೆ ಮಾತ್ರ 14446. ತುರ್ತಿಗೆ 108.

ಖಾಸಗಿ ಕೇಂದ್ರವಾದರೆ ಮೂರು ಕೇಳಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ, ಮೊದಲ ಐದು ದಿನ ವೈದ್ಯರು ದಿನಾ ನೋಡುತ್ತಾರೆಯೇ, ಮನೆಯವರು ಭೇಟಿಯಾಗಬಹುದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. "ಮೂರು ತಿಂಗಳು ಮುಖ ನೋಡಬೇಡಿ, ಸರಿ ಮಾಡಿ ಕಳಿಸುತ್ತೇವೆ" ಎನ್ನುವ ಕಡೆ ಬಿಡಬೇಡಿ. ಊರಲ್ಲಿ ಮದ್ಯವರ್ಜನ ಶಿಬಿರ ನಡೆದರೆ ಒಳ್ಳೆಯದೇ, ಆದರೆ ಮೊದಲ ನಾಲ್ಕು ದಿನ ಅಲ್ಲೂ ವೈದ್ಯರು, ಬಿ-1, ಫಿಟ್ಸ್ ಇಂಜೆಕ್ಷನ್ ಇರಬೇಕು. ಆತ್ಮಹತ್ಯೆಗೆ ಪ್ರಯತ್ನಿಸಿದವರ ಮೇಲೆ ಕೇಸು ಬೀಳುತ್ತದೆಂದು ಹೆದರಿ ಆಸ್ಪತ್ರೆಗೆ ತರದವರು ಇನ್ನೂ ಇದ್ದಾರೆ. ಅದೇ ಕಾಯ್ದೆಯ 115ನೇ ಸೆಕ್ಷನ್, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ.

ಮಾಲೆ_ಮೇಸ್ತ್ರಿ:
ಆತು ಡಾಕ್ಟ್ರ, ಒಪ್ಪಿದೆ. ಮುಂದಿನ ಹನುಮ ಮಾಲಿಗೆ ನಮ್ಮ ಗುರುಸ್ವಾಮಿಗಳಿಗೂ ಒಂದು ಪ್ರತಿ ಕೊಡಸ್ರಿ. ದಿನಾ ಕುಡಿಯೋರ ಪಟ್ಟಿ ಅವರ ಹತ್ರ ಇರ್ತೈತಿ, ಮಾಲಿ ಹಾಕೋ ಹದಿನೈದು ದಿನ ಮೊದಲ ಆಸ್ಪತ್ರಿಗೆ ಕಳಿಸಬಹುದು.

ಎಡದಂಡೆ_ಗಂಗಾವತಿ:
ಕೊಡ್ತೀವಿ ಮೇಸ್ತ್ರಿ. ಮೊದಲ ಪುಟಕ್ಕ ಯೂನಿಟ್ ಲೆಕ್ಕ, ಬಿಟ್ಟ ಮ್ಯಾಲ ನಾಕು ದಿನದ ಅಪಾಯ, ನಾಕು ವಾರದ ಪಟ್ಟಿ. ಎರಡನೇ ಪುಟಕ್ಕ ಫೋನ್ ನಂಬರ್ ದೊಡ್ಡಕ್ಷರದಾಗ. ಗುಳಿಗಿ ಹೆಸರು ಹಾಕೋದೋ ಬ್ಯಾಡೋ ಅಂತ ಅನುಮಾನ ಐತಿ.

ಔಷಧಿ_ಸಿಂಧನೂರು:
ಬ್ಯಾಡ. ಹೆಸರು ಹಾಕಿದ್ರ ಮರುದಿನ ಅಂಗಡಿಗೆ ಬಂದು ಚೀಟಿ ಇಲ್ಲದೆ ಕೇಳ್ತಾರ, ಕೊಡೋ ಅಂಗಡಿನೂ ಸಿಗ್ತಾವ. ಊಟದಾಗ ಗುಳಿಗಿ ಕಲಸಬ್ಯಾಡ್ರಿ ಅನ್ನೋ ಒಂದು ಸಾಲು, ನಿದ್ದಿ ಗುಳಿಗಿ ಎಣ್ಣಿ ಮ್ಯಾಲ ನುಂಗಬ್ಯಾಡ್ರಿ ಅನ್ನೋ ಒಂದು ಸಾಲು ಸಾಕು. ಹೆಸರು, ಡೋಸು ಆಶಾ ಅಕ್ಕಾರಿಗೆ ಬ್ಯಾರೆ ಹಾಳಿಯಾಗ ಕೊಡ್ರಿ. ಮತ್ತ ಸೇಂದಿ ಮಾತು ರಾಯಚೂರು ಕಡಿ ಹಂಚೋ ಪ್ರತ್ಯಾಗ ಮೊದಲ ಪುಟಕ್ಕೇ ಬರಲಿ.